ಬೆರಳು ನಡೆಯುವ ಬೇಡಿಕೆ ರೇಖೆ

“ಸರ್, ‘ಹೀಗೆ’ ಅಂದ್ರೆ ಹೇಗೆ?”

ಪಿಯುಸಿ ತರಗತಿಯ ಮೊದಲ ಬೆಂಚಿನಿಂದ ಬಂದ ಪ್ರಶ್ನೆ. ಬೋರ್ಡಿನ ಮೇಲೆ ಬೇಡಿಕೆ ರೇಖೆ ಎಳೆದು, ಬೆಲೆ ಇಳಿದರೆ ನಾವು ಇಲ್ಲಿಂದ ಹೀಗೆ ಬರುತ್ತೇವೆ ಎಂದಿದ್ದೆ. ಕೇಳಿದ ಹುಡುಗನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಇಲ್ಲಿ, ಅಲ್ಲಿ, ಹೀಗೆ, ಹಾಗೆ ಎನ್ನುವ ನಾಲ್ಕು ಮಾತು ಬಿಟ್ಟು ಪಾಠ ಮಾಡುವುದನ್ನು ನನಗೆ ಕಲಿಸಿದವರು ಅಂಧ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಶಿಕ್ಷಕರು. ಅವರ ಕೈಕೆಲಸದ ಬಗ್ಗೆ ಈ ಬರಹ.

ಲೂಯಿ ಬ್ರೈಲ್ ಕೊಟ್ಟ ಆರು ಚುಕ್ಕಿಗಳಿಂದ ಆಗುವ ಆಕಾರಗಳು 63. ಅಕ್ಷರ, ಅಂಕಿ, ಚಿಹ್ನೆ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಹಾಗಾಗಿ ಸಾಮಾನ್ಯ ಬ್ರೈಲಿನಲ್ಲಿ ಅಂಕಿಗೆಂದೇ ಬೇರೆ ಆಕಾರವಿಲ್ಲ. ಕನ್ನಡ ಬ್ರೈಲಿನ ‘ಅ’ಕ್ಕೆ ಮುಂಚೆ ಸಂಖ್ಯಾಚಿಹ್ನೆ ಹಾಕಿದರೆ ಅದು 1, ‘ಬ’ 2, ‘ಚ’ 3, ‘ದ’ 4. ಓದುವುದಕ್ಕೆ ಇದು ಸಾಕು, ಲೆಕ್ಕ ಮಾಡುವುದಕ್ಕೆ ಸಾಲದು. ಬ್ರೈಲ್ ಸ್ಲೇಟಿಗೆ ಕಾಗದ ಸಿಕ್ಕಿಸಿ ಸ್ಟೈಲಸ್ಸಿನಿಂದ ಚುಚ್ಚುವಾಗ ಚುಕ್ಕಿ ಏಳುವುದು ಕಾಗದದ ಆಚೆ ಬದಿಗೆ. ಅದಕ್ಕೇ ಬಲದಿಂದ ಎಡಕ್ಕೆ ಬರೆಯುತ್ತಾರೆ. ಬರೆದದ್ದನ್ನು ಓದಲು ಕಾಗದ ತೆಗೆದು ಮಗುಚಬೇಕು. 532ರಲ್ಲಿ 178 ಕಳೆಯುವ ಮಗು ಪಕ್ಕದ ಮನೆಯಿಂದ ತಂದ ಸಾಲವನ್ನು ಎಲ್ಲಿ ಗುರುತು ಹಾಕಿಕೊಳ್ಳಬೇಕು?

ಆ ಕೆಲಸಕ್ಕೆ ಟೇಲರ್ ಫ್ರೇಮ್ ಇದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಎಂಬ ಪಾದ್ರಿ ರೂಪಿಸಿದ ಹಲಗೆ ಇದು, ನಮ್ಮ ಅಂಧರ ಶಾಲೆಗಳಲ್ಲಿ ಇವತ್ತಿಗೂ ಕಾಣುತ್ತದೆ. ಹಲಗೆಯ ತುಂಬ ಎಂಟು ಮೂಲೆಯ ತೂತುಗಳು. ತೂತಿಗೆ ಇಳಿಸಲು ಲೋಹದ ಚೌಕ ಮೊಳೆಗಳು. ಮೊಳೆಯ ಒಂದು ತುದಿಯ ಅಂಚಿನಲ್ಲಿ ಉಬ್ಬಿದ ಗೀಟು, ಇನ್ನೊಂದು ತುದಿಯಲ್ಲಿ ಎರಡು ಚುಕ್ಕಿ. ಒಂದೊಂದು ತುದಿಯನ್ನೂ ಎಂಟು ದಿಕ್ಕಿಗೆ ತಿರುಗಿಸಿ ಇಡಬಹುದಾದ್ದರಿಂದ ಒಂದೇ ಮೊಳೆಯಿಂದ 16 ಸಂಕೇತ: ಹತ್ತು ಅಂಕಿ, ಉಳಿದದ್ದು ಕೂಡುವ ಕಳೆಯುವ ಚಿಹ್ನೆಗಳಿಗೆ. ಒಬ್ಬಳು ಹುಡುಗಿ ಇದರ ಮೇಲೆ ಅದೇ ಕಳೆಯುವ ಲೆಕ್ಕ ಮಾಡುವಾಗ ಪಕ್ಕದಲ್ಲಿ ಕೂತಿದ್ದೆ. ಎಡಗೈ ತೋರುಬೆರಳು ಬಿಡಿಸ್ಥಾನದ ಸಾಲು ಬಿಟ್ಟು ಅಲ್ಲಾಡಲಿಲ್ಲ. ಎರಡರಲ್ಲಿ ಎಂಟು ಹೋಗುವುದಿಲ್ಲ. ಬಲಗೈ ಪಕ್ಕದ 3ರ ಮೊಳೆಯನ್ನು ಎತ್ತಿ, ತಿರುಗಿಸಿ, ಮತ್ತೆ ಇಳಿಸಿತು. ಅದು 2 ಆಯಿತು. ಟಿಕ್ ಎಂದು ಸಣ್ಣ ಸದ್ದು. ನಾವು ಅಂಕಿಯ ಮೇಲೆ ಗೀಟು ಹೊಡೆದು ತಲೆಯ ಮೇಲೆ ಬೇರೆ ಅಂಕಿ ಬರೆಯುತ್ತೇವೆ. ಅವಳ ಕೈಯಲ್ಲಿ ಸಾಲ ಕೊಟ್ಟ ಅಂಕಿ ತಾನೇ ಕರಗಿತು. ಸಾಲ ಎಂಬ ಮಾತಿಗೆ ಅದು ಎಷ್ಟು ಸರಿಯಾಗಿ ಹೊಂದುತ್ತದೆ!

ಬೀಜಗಣಿತಕ್ಕೆ ಬಂದರೆ ಬೇರೆಯೇ ತೊಡಕು. ಅಕ್ಷರವೇ ಅಂಕಿಯಾದಾಗ ಎರಡೂ ಒಟ್ಟಿಗೆ ಬರುವ ಸಮೀಕರಣ ಓದುವುದು ಹೇಗೆ? ಹುಟ್ಟಿನಿಂದ ಅಂಧರಾಗಿದ್ದ ಅಮೆರಿಕದ ಗಣಿತಜ್ಞ ಅಬ್ರಹಾಂ ನೆಮೆತ್ ಅಂಕಿಗಳ ಆಕಾರ ಬದಲಿಸದೆ ಅವನ್ನು ಬ್ರೈಲ್ ಮನೆಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಿದರು. ಮೇಲಿದ್ದರೆ ಅಕ್ಷರ, ಕೆಳಗಿದ್ದರೆ ಅಂಕಿ. 1952ರಲ್ಲಿ ಪ್ರಕಟವಾದ ಅವರ ಸಂಕೇತಮಾಲೆಯಲ್ಲಿ ಭಿನ್ನರಾಶಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹೇಳುವ ಚಿಹ್ನೆಗಳೂ ಇವೆ. ಅದರ ಬೆಲೆ ಗೊತ್ತಾಗಲು “ಆರು ಪ್ಲಸ್ ನಾಲ್ಕು ಬೈ ಎರಡು” ಎಂದು ಗಟ್ಟಿಯಾಗಿ ಹೇಳಿ ನೋಡಿ. ಉತ್ತರ 5 ಅಥವಾ 8. ಬೋರ್ಡಿನ ಮೇಲೆ ಗೆರೆಯ ಉದ್ದ ಅದನ್ನು ತೀರ್ಮಾನಿಸುತ್ತದೆ. ಕಿವಿಗೆ ಗೆರೆ ಕೇಳಿಸುವುದಿಲ್ಲ. “ಭಿನ್ನರಾಶಿ ಶುರು, ಆರು ಪ್ಲಸ್ ನಾಲ್ಕು, ಛೇದ ಎರಡು, ಭಿನ್ನರಾಶಿ ಮುಗೀತು” ಎಂದು ಹೇಳುವ ಅಭ್ಯಾಸ ಶಿಕ್ಷಕರ ನಾಲಿಗೆಗೆ ಹತ್ತಬೇಕು.

ಇನ್ನು ನನ್ನ ಅರ್ಥಶಾಸ್ತ್ರ. ಥರ್ಮೋಕೋಲ್ ಹಲಗೆ, ಗುಂಡುಸೂಜಿ, ರಬ್ಬರ್ ಬ್ಯಾಂಡ್, ಬೇರೆ ಬೇರೆ ದಪ್ಪದ ನೂಲು ಇದ್ದರೆ ಆಯಿತು. ಹಿಂದೆ ಸಾಂಡರ್ಸನ್ ಎಂಬ ಅಂಧ ಗಣಿತಜ್ಞ ಮಾಡುತ್ತಿದ್ದದ್ದೂ ಇದನ್ನೇ. ಒಂದು ವರ್ಷದ ಕೂಸಾಗಿದ್ದಾಗ ಸಿಡುಬಿನಿಂದ ಕಣ್ಣು ಕಳೆದುಕೊಂಡ ನಿಕೊಲಸ್ ಸಾಂಡರ್ಸನ್ 1711ರಲ್ಲಿ ಕೇಂಬ್ರಿಜ್‌ನಲ್ಲಿ, ನ್ಯೂಟನ್ ಇದ್ದ ಗಣಿತ ಪೀಠಕ್ಕೆ ಪ್ರಾಧ್ಯಾಪಕರಾದರು. ಹಲಗೆಗೆ ಸೂಜಿ ಚುಚ್ಚಿ, ದಾರ ಬಿಗಿದು ಆಕೃತಿಗಳನ್ನು ಮುಟ್ಟಿ ನೋಡುತ್ತಿದ್ದರು.

ಅಕ್ಷಗಳಿಗೆ ದಪ್ಪ ನೂಲು, ರೇಖೆಗೆ ರಬ್ಬರ್ ಬ್ಯಾಂಡ್. ಪಠ್ಯಪುಸ್ತಕದ ಚಿತ್ರವನ್ನು ಇದ್ದ ಹಾಗೇ ಉಬ್ಬಿಸಿದರೆ ಬೆರಳಿಗೆ ಗೋಜಲಾಗುತ್ತದೆ. ಬೇಡಿಕೆ, ಪೂರೈಕೆ, ಹೊಸ ಬೇಡಿಕೆ, ಚುಕ್ಕಿಗೆರೆ ಎಲ್ಲ ಒಂದೇ ಕಡೆ ಬೇಡ, ಒಂದೊಂದಾಗಿ ಕಟ್ಟಬೇಕು. ಕಣ್ಣು ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುತ್ತದೆ, ಬೆರಳು ಒಂದು ಬಿಂದುವಿನಿಂದ ಇನ್ನೊಂದಕ್ಕೆ ನಡೆದು ಹೋಗಬೇಕು.

ಆ ನಡಿಗೆಯಲ್ಲೇ ಒಂದು ಲಾಭವಿದೆ. ರೇಖೆಯ ಮೇಲಿನ ಚಲನೆ ಬೇರೆ, ರೇಖೆಯೇ ಪಲ್ಲಟವಾಗುವುದು ಬೇರೆ. ಪ್ರತಿ ವರ್ಷವೂ ಉತ್ತರಪತ್ರಿಕೆಗಳಲ್ಲಿ ಇವೆರಡನ್ನು ಕಲಸಿಬಿಡುತ್ತಾರೆ. ಸೇವಂತಿಗೆ ಮಾರಿಗೆ 100 ರೂಪಾಯಿ ಇದ್ದದ್ದು 60ಕ್ಕೆ ಇಳಿಯಿತು ಅನ್ನಿ. ಬೆರಳು ರಬ್ಬರ್ ಬ್ಯಾಂಡಿನ ಮೇಲೇ ಬಲಕ್ಕೆ, ಕೆಳಗೆ ಜಾರುತ್ತದೆ; ಸೂಜಿ ಅಲುಗುವುದಿಲ್ಲ. ವರಮಹಾಲಕ್ಷ್ಮಿ ಹಬ್ಬ ಬಂತು, ಬೆಲೆ ಎಷ್ಟೇ ಇರಲಿ ಎಲ್ಲರಿಗೂ ಮೊದಲಿಗಿಂತ ಹೆಚ್ಚು ಹೂ ಬೇಕು. ಈಗ ಸೂಜಿಗಳನ್ನೇ ಕಿತ್ತು ಬಲಕ್ಕೆ ನೆಡಬೇಕು. ಕೈಯಾರೆ ಸೂಜಿ ಕಿತ್ತವರು ಈ ವ್ಯತ್ಯಾಸ ಮರೆತದ್ದನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ದಾರಿ ಇದ್ದರೂ ಎಷ್ಟೋ ಮಕ್ಕಳ ಗಣಿತವನ್ನು ಹೈಸ್ಕೂಲಿನಲ್ಲೇ ಬಿಡಿಸಿ, ಬದಲಿಗೆ ಬೇರೆ ವಿಷಯ ಕೊಡಿಸುತ್ತಾರೆ. ಕರುಣೆಯಿಂದಲೇ ಮಾಡುತ್ತಾರೆ, ಆದರೆ ಮುಂದೆ ವಾಣಿಜ್ಯ, ಸಂಖ್ಯಾಶಾಸ್ತ್ರ, ಉನ್ನತ ಅರ್ಥಶಾಸ್ತ್ರದ ಬಾಗಿಲು ಅಲ್ಲೇ ಮುಚ್ಚಿತು. ಆಂಧ್ರದ ಅಂಧ ವಿದ್ಯಾರ್ಥಿ ಶ್ರೀಕಾಂತ್ ಬೊಲ್ಲಾ ಹತ್ತನೇ ತರಗತಿ ಮುಗಿಸಿ ವಿಜ್ಞಾನ ಓದಲು ಕೋರ್ಟಿಗೆ ಹೋಗಬೇಕಾಯಿತು. ಅವರು ಮುಂದೆ ಅಮೆರಿಕದ ಎಂಐಟಿಯಲ್ಲಿ ಓದಿದರು.

ಮೊದಲ ಬೆಂಚಿನ ಆ ಹುಡುಗನ ಜೊತೆ ಕೊನೆಗೆ ಕಟ್ಟಿದ್ದು ಆದಾಯದ ಹಂಚಿಕೆ ತೋರಿಸುವ ಲೊರೆಂಜ್ ರೇಖೆ. ಮೂಲೆಯಿಂದ ಮೂಲೆಗೆ ಬಿಗಿದ ನೇರ ನೂಲು ಎಲ್ಲರಿಗೂ ಸಮಪಾಲು ಸಿಕ್ಕ ಊರು. ಅದರ ಕೆಳಗೆ ಜೋತ ನೂಲು ಇರುವ ಊರು. ಎರಡರ ನಡುವೆ ಬೆರಳು ತೂರಿಸಿದ. ಇನ್ನೊಂದನ್ನೂ ತೂರಿಸಿದ. “ಮೂರು ಬೆರಳು ಹಿಡಿಯುತ್ತೆ ಸರ್,” ಎಂದ. ಹಿಂದಿನ ಬೆಂಚಿನ ಹುಡುಗರು ಎದ್ದು ಬಂದು, ಕಣ್ಣು ಮುಚ್ಚಿಕೊಂಡು, ಸಾಲಾಗಿ ಆ ಸಂದಿಗೆ ಕೈ ಹಾಕಿ ನೋಡಿದರು.