ಬೆನ್ನುಹುರಿಯ ಗಾಯವೂ ವಿದ್ಯುತ್ತೂ

ಕೆಂಗೇರಿ ಉಪನಗರದ ಬಳಿಯ ಮೈಸೂರು ರಸ್ತೆಯಲ್ಲಿ ವಾಹನದಿಂದ ಬಿದ್ದವನನ್ನು ಕಂಡೊಡನೆ ಎತ್ತಿ ಕೂರಿಸಲು ಮನಸ್ಸಾಗುವುದು ಸಹಜ. ಬೆನ್ನೆಲುಬು ಮುರಿದಿದ್ದರೆ ಆ ಮರುಕವೇ ಮುಳುವಾದೀತು; ಸರಿದ ಮೂಳೆಯು ಕಿರುಬೆರಳ ಗಾತ್ರದ ಬೆನ್ನುಹುರಿಯನ್ನು ಜಜ್ಜೀತು. ಕತ್ತು, ಬೆನ್ನು ಅಲುಗದಂತೆ ಕಾದು 108ಕ್ಕೆ ಕರೆಮಾಡಬೇಕು.

ಗಾಯದ ಕೆಳಗಿನ ನರಕೋಶಗಳು ಸಾಮಾನ್ಯವಾಗಿ ಜೀವದಿಂದಲೇ ಇರುತ್ತವೆ. ಮಿದುಳಿನ ಆಜ್ಞೆ ಮಾತ್ರ ತಲಪದು. ಹಲವರಲ್ಲಿ ಕೆಲವು ತಂತುಗಳು ಉಳಿದಿದ್ದರೂ ಅವು ತರುವ ಸಂಕೇತ ತೀರ ಕ್ಷೀಣ. ಹೊರಗಿನಿಂದ ಅಲ್ಪ ವಿದ್ಯುತ್ತನ್ನು ಹರಿಸಿದರೆ ಆ ಕೋಶಗಳು ಉದ್ರೇಕದ ಅಂಚಿಗೆ ಬಂದು ನಿಲ್ಲುತ್ತವೆ. ಆಗ ಕ್ಷೀಣ ಸಂಕೇತವೇ ಸಾಕು!

2018ರಲ್ಲಿ ಸ್ವಿಟ್ಜರ್ಲೆಂಡಿನ ಕೂರ್ಟೀನರ ತಂಡವು ಇಂತಹ ಮೂವರ ಬೆನ್ನುಹುರಿಯ ಹೊದಿಕೆಯ ಮೇಲೆ ವಿದ್ಯುದ್ವಾರಗಳನ್ನಿರಿಸಿ, ಹೆಜ್ಜೆಯ ಗತಿಗೆ ತಕ್ಕಂತೆ ಸ್ಪಂದಗಳನ್ನು ಕಳುಹಿಸಿತು. ಆಸರೆಯೊಡನೆ ಅವರು ನಡೆದರು. ತಿಂಗಳುಗಳ ಅಭ್ಯಾಸದ ತರುವಾಯ, ಪ್ರವಾಹ ನಿಂತರೂ ಕಾಲುಗಳ ಮೇಲೆ ತುಸು ಹತೋಟಿ ಉಳಿಯಿತು.

ತುಂಡಾದ ಹುರಿಯನ್ನು ಬೆಸೆಯುವ ಮದ್ದು ಇನ್ನೂ ಇಲ್ಲ.