ತೊಟ್ಟಿಲ ಪಕ್ಕದ ಹೆಣಿಗೆ

ಹೆಣೆದು ಮುಗಿಸಿ ಕಡ್ಡಿಯಿಂದ ಬಿಡಿಸಿದಾಗ ಅದಕ್ಕೆ ಅಂಗಿಯ ಆಕಾರವೇ ಇರುವುದಿಲ್ಲ. ಸೊಟ್ಟ ಸೊಟ್ಟ ಮೂಲೆಗಳ, ಎತ್ತೆತ್ತಲೋ ಚಾಚಿಕೊಂಡ ಒಂದು ಉಲ್ಲನ್ ತುಂಡು, ಅಷ್ಟೇ. ಅದನ್ನು ಸರಿಯಾದ ಜಾಗದಲ್ಲಿ ಮಡಚಿ, ಎರಡು ಭುಜಗಳ ಮೇಲೆ ಹೊಲಿಗೆ ಹಾಕಿ, ಮುಂದೆ ಗುಂಡಿ ಹಚ್ಚಿದರೆ ಹಸುಗೂಸಿನ ಬೆಚ್ಚನೆಯ ಸ್ವೆಟರ್ ಸಿದ್ಧ. ಇದರ ಹೆಸರು ‘ಬೇಬಿ ಸರ್‌ಪ್ರೈಸ್ ಜಾಕೆಟ್’. 1968ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಎಲಿಜಬೆತ್ ಜಿಮ್ಮರ್‌ಮನ್ ಇದನ್ನು ರೂಪಿಸಿದರು. ಅರ್ಧ ಶತಮಾನ ಕಳೆದರೂ ಹೆಣಿಗೆ ಕಲಿತವರು ಮಗುವಿನ ಉಡುಗೊರೆಗೆಂದು ಮೊದಲು ನೆನೆಯುವ ವಿನ್ಯಾಸಗಳಲ್ಲಿ ಇದೂ ಒಂದು.

ಇದನ್ನು ಮಾಡಿದ್ದು ದೊಡ್ಡ ಫ್ಯಾಷನ್ ಸಂಸ್ಥೆಯ ವಿನ್ಯಾಸ ವಿಭಾಗವಲ್ಲ. ಮೂರು ಮಕ್ಕಳನ್ನು ಸಾಕಿ ಬೆಳೆಸಿದ ತಾಯಿ, ಅಡುಗೆ, ಬಟ್ಟೆ ಒಗೆತ, ಊರಿಂದೂರಿಗೆ ಸಂಸಾರ ಸಾಗಿಸುವ ಕೆಲಸಗಳ ನಡುವೆ ಕಡ್ಡಿ ಹಿಡಿದಾಕೆ. ಮಕ್ಕಳಿರುವ ಮನೆಯಲ್ಲಿ ಹೆಣಿಗೆಯ ವಿನ್ಯಾಸ ಹೇಗೆ ಸಾಧ್ಯ ಎಂದು ಕೇಳುವವರಿಗೆ ಅವರ ಬದುಕಿನಲ್ಲಿ ಉತ್ತರವಿದೆ. ಕೆಲಸವನ್ನು ಮನೆಯ ಗಡಿಬಿಡಿಯಿಂದ ಬಚ್ಚಿಡಲು ಅವರು ಹೋಗಲಿಲ್ಲ. ನಡುವೆ ಎದ್ದುಹೋದರೂ ಕೆಡದಂಥ ಹೆಣಿಗೆಯನ್ನೇ ಕಟ್ಟಿದರು.

ಎಲಿಜಬೆತ್ ಹುಟ್ಟಿದ್ದು 1910ರಲ್ಲಿ, ಇಂಗ್ಲೆಂಡಿನಲ್ಲಿ. ಸ್ವಿಟ್ಜರ್ಲೆಂಡಿನ ಲೊಸಾನ್ ಮತ್ತು ಜರ್ಮನಿಯ ಮ್ಯೂನಿಕ್‌ನಲ್ಲಿ ಚಿತ್ರಕಲೆ ಕಲಿತರು. ಅಲ್ಲಿ ಪರಿಚಯವಾದ ಆರ್ನಾಲ್ಡ್ ಜಿಮ್ಮರ್‌ಮನ್ ಬಿಯರ್ ತಯಾರಿಕೆಯ ಪರಿಣತ. ನಾತ್ಸಿ ಆಡಳಿತದ ಕಣ್ಣಿಗೆ ಬಿದ್ದ ಆತ ಜರ್ಮನಿ ಬಿಡಬೇಕಾಯಿತು. 1937ರಲ್ಲಿ ಮದುವೆಯಾಗಿ ಇಬ್ಬರೂ ಅಮೆರಿಕಕ್ಕೆ ಹೋದರು. ಗಂಡನ ಕೆಲಸದ ಜೊತೆಗೆ ಮನೆಯೂ ಊರು ಬದಲಿಸುತ್ತ ಕೊನೆಗೆ ವಿಸ್ಕಾನ್ಸಿನ್ ತಲುಪಿತು. ಚಿತ್ರಕಲೆಗೆ ಬೇಕಾದ ಜಾಗ, ಬೆಳಕು, ಗಂಟೆಗಟ್ಟಲೆ ಬಿಡುವು ಮೂರು ಮಕ್ಕಳ ತಾಯಿಗೆ ಸಿಗುವುದು ಕಷ್ಟ. ಹೆಣಿಗೆಗೆ ಎರಡು ಕಡ್ಡಿ, ಒಂದು ಉಂಡೆ ನೂಲು ಸಾಕು. ಗಂಡನ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕುಳಿತೂ ಆಕೆ ಹೆಣೆಯುತ್ತಿದ್ದರು.

ಹೆಣೆಯುವುದು ಬೇರೆ, ಹೆಣಿಗೆಯನ್ನು ವಿನ್ಯಾಸ ಮಾಡುವುದು ಬೇರೆ. ನಮ್ಮ ಮನೆಗಳಲ್ಲಿ ಅಜ್ಜಿಯೋ ಅತ್ತೆಯೋ ಹೆಣೆಯುವ ಕುಲಾವಿ, ಕಾಲುಚೀಲಗಳಿಗೆ ಬರೆದಿಟ್ಟ ಪ್ಯಾಟರ್ನ್ ಬೇಕಾಗುವುದಿಲ್ಲ. ನೋಡಿ ಕಲಿತ ಕೈ, ಮಗುವಿನ ತಲೆಯ ಅಂದಾಜು, ಇಷ್ಟೇ ಸಾಕು. ಡಿಸೈನರ್ ಆದವಳು ಅದೇ ಕುಲಾವಿಯನ್ನು ತಾನು ಎಂದೂ ನೋಡದ ಯಾರೋ ಒಬ್ಬರು, ಬೇರೆ ನೂಲಿನಲ್ಲಿ, ಬೇರೆ ಅಳತೆಯಲ್ಲಿ ಹೆಣೆಯುವಂತೆ ಬರೆಯಬೇಕು. ಮೊದಲು ಅಂಗೈಯಗಲದ ಮಾದರಿ ತುಂಡು ಹೆಣೆದು, ತೊಳೆದು, ಒಣಗಿಸಿ, ಹತ್ತು ಸೆಂಟಿಮೀಟರಿಗೆ ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ಎಣಿಸಬೇಕು. ಆ ಲೆಕ್ಕದ ಮೇಲೆ ಒಂದು ಅಳತೆಯ ಉಡುಪು ಮಾಡಿ, ಬಳಿಕ ಎಲ್ಲ ಅಳತೆಗಳಿಗೂ ಸಂಖ್ಯೆಗಳನ್ನು ಹಿಗ್ಗಿಸಿ ಕುಗ್ಗಿಸಬೇಕು. ಸೂಚನೆಗಳನ್ನು ಬರೆದು ತಾಂತ್ರಿಕ ಸಂಪಾದಕರಿಗೆ ಕೊಡಬೇಕು, ಬೇರೆಯವರಿಂದ ಹೆಣೆಸಿ ಪರೀಕ್ಷಿಸಬೇಕು, ಫೋಟೊ ತೆಗೆಯಬೇಕು. ಒಂದು ಕಡೆ 84 ಎಂದಿರಬೇಕಾದದ್ದು 48 ಎಂದು ಅಚ್ಚಾದರೆ ಓದುಗರ ವಾರಗಳ ದುಡಿಮೆ ಹಾಳು.

ಈ ಪಟ್ಟಿಯಲ್ಲಿ ಯಾವುದು ಮಗುವಿನ ಜೊತೆ ಮಾಡಬಹುದಾದದ್ದು, ಯಾವುದಕ್ಕೆ ನಿಶ್ಶಬ್ದ ಬೇಕು ಎಂದು ಬೇರ್ಪಡಿಸಿಕೊಳ್ಳುವುದೇ ಈ ವೃತ್ತಿಯ ತಾಯಂದಿರು ಕಲಿಯುವ ಮೊದಲ ಪಾಠ. ಉದ್ದನೆಯ ಸರಳ ಹೆಣಿಗೆ ಉದ್ಯಾನದ ಬೆಂಚಿನ ಮೇಲೆ, ವೈದ್ಯರ ಕೋಣೆಯ ಹೊರಗೆ, ಈಜು ತರಗತಿಯ ಪಕ್ಕ ಸಾಗುತ್ತದೆ. ಅಳತೆಗಳ ಲೆಕ್ಕ ಹಾಗಲ್ಲ. ‘ಅಮ್ಮಾ’ ಎಂಬ ಒಂದು ಕೂಗಿಗೆ ಹತ್ತು ಕಾಲಂಗಳ ಕೂಡುವಿಕೆ ಕಳಚಿಬೀಳುತ್ತದೆ. ಹಾಗಾಗಿ ಅದು ಮಕ್ಕಳು ಮಲಗಿದ ಮೇಲಿನ ಕೆಲಸ, ಇಲ್ಲವೇ ಶಾಲೆಯ ಹೊತ್ತಿನ ಕೆಲಸ. ಎರಡು ಬಣ್ಣಗಳ ಚಿತ್ರ, ಜಡೆ ಹೆಣಿಗೆ, ಕಸೂತಿಯಂಥ ಜಾಲರಿ ಇವೆರಡರ ನಡುವಿನವು. ಅವನ್ನು ನಿಲ್ಲಿಸುವ ಮುನ್ನ ಯಾವ ಸಾಲಿನಲ್ಲಿದ್ದೇವೆ ಎಂದು ಗುರುತು ಹಾಕಿಕೊಳ್ಳಬೇಕು.

ಜಿಮ್ಮರ್‌ಮನ್ ಮಾಡಿದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ನಿಶ್ಶಬ್ದ ಬೇಡುವ ಭಾಗವನ್ನೇ ಅವರು ಕಿರಿದುಗೊಳಿಸಿದರು. ಸ್ವೆಟರನ್ನು ಮುಂದಿನ ತುಂಡು, ಹಿಂದಿನ ತುಂಡು, ತೋಳು ಎಂದು ಬಿಡಿಬಿಡಿಯಾಗಿ ಹೆಣೆದು ಹೊಲಿಯುವುದು ಆಗ ಅಮೆರಿಕದಲ್ಲಿದ್ದ ರೂಢಿ. ತಂತಿಯಿಂದ ಜೋಡಿಸಿದ ಎರಡು ತುದಿಯ ಕಡ್ಡಿಯಲ್ಲಿ ಸುತ್ತಲೂ ಹೆಣೆಯುತ್ತ ಹೋದರೆ ಹೊಲಿಗೆಯ ಕೆಲಸ ಬಹುಪಾಲು ತಪ್ಪುತ್ತದೆ, ಉಲ್ಟಾ ಹೆಣಿಗೆಯೂ ಬೇಕಿಲ್ಲ, ಸೀದಾ ಹೆಣಿಗೆಯೊಂದೇ ಸಾಕು ಎಂದು ಅವರು ತೋರಿಸಿದರು. ಕೈ ತಾನಾಗಿ ಓಡುತ್ತದೆ, ಕಣ್ಣು ಮಗುವಿನ ಮೇಲಿರಬಹುದು.

ಲೆಕ್ಕಕ್ಕೂ ಅವರು ದಾರಿ ಹುಡುಕಿದರು. ಮೈಯ ಸುತ್ತಳತೆಗೆ ಬೇಕಾದ ಕುಣಿಕೆಗಳನ್ನು ನೂರು ಪ್ರತಿಶತ ಎಂದಿಟ್ಟುಕೊಂಡರೆ, ಮುಂಗೈಗೆ ಅದರ ಶೇ 20, ತೋಳಿನ ಮೇಲ್ಭಾಗಕ್ಕೆ ಸುಮಾರು ಮೂರನೆಯ ಒಂದು ಪಾಲು, ಕತ್ತಿಗೆ ಶೇ 40, ಕಂಕುಳಿಗೆ ಶೇ 8. ಎದೆಯ ಸುತ್ತ ನೂರು ಸೆಂಟಿಮೀಟರ್ ಬೇಕು, ಹತ್ತು ಸೆಂಟಿಮೀಟರಿಗೆ 20 ಕುಣಿಕೆ ಬರುತ್ತದೆ ಎಂದುಕೊಳ್ಳಿ. ಮೈಗೆ 200, ಮುಂಗೈಗೆ 40, ಕತ್ತಿಗೆ 80, ಕಂಕುಳಿಗೆ 16. ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತೇ ಮುಗಿಯುವ ಲೆಕ್ಕ. ನೂಲು ದಪ್ಪಗಿರಲಿ, ತೆಳ್ಳಗಿರಲಿ, ತೊಡುವವರು ದೊಡ್ಡವರಿರಲಿ, ಚಿಕ್ಕವರಿರಲಿ, ಅನುಪಾತ ಹೆಚ್ಚುಕಡಿಮೆ ಅದೇ. ಇಂದಿಗೂ ಹೆಣಿಗೆಗಾರರು ಇದನ್ನು ಎಲಿಜಬೆತ್ ಅವರ ಶೇಕಡಾವಾರು ಪದ್ಧತಿ ಎಂದೇ ಕರೆಯುತ್ತಾರೆ.

ಅವರ ‘ಪೈ ಶಾಲು’ ಇನ್ನೊಂದು ಉದಾಹರಣೆ. ವೃತ್ತದ ತ್ರಿಜ್ಯ ಇಮ್ಮಡಿಯಾದರೆ ಸುತ್ತಳತೆಯೂ ಇಮ್ಮಡಿಯಾಗುತ್ತದೆ ಎಂಬ ರೇಖಾಗಣಿತವೇ ಅದರ ತಳಹದಿ. ಒಂಬತ್ತು ಕುಣಿಕೆಗಳಿಂದ ಆರಂಭಿಸಿ ಅವನ್ನು ಹದಿನೆಂಟಾಗಿಸಿ, ಮೂರು ಸುತ್ತು ಹೆಣೆದು 36 ಮಾಡುವುದು, ಆರು ಸುತ್ತು ಹೆಣೆದು 72, ಹನ್ನೆರಡು ಸುತ್ತಾದ ಮೇಲೆ 144, ಇಪ್ಪತ್ತನಾಲ್ಕಾದ ಮೇಲೆ 288. ಶಾಲು ದೊಡ್ಡದಾಗುತ್ತ ಹೋದಂತೆ ಎಣಿಸುವ ಸಂದರ್ಭಗಳು ದೂರವಾಗುತ್ತ ಹೋಗುತ್ತವೆ. ನಡುವಿನ ಸುತ್ತುಗಳಲ್ಲಿ ಹೆಚ್ಚಿಸುವುದೂ ಇಲ್ಲ, ಕಡಿಮೆ ಮಾಡುವುದೂ ಇಲ್ಲ. ಅಂಥ ಹೆಣಿಗೆಯನ್ನು ಮಗು ಬಿದ್ದು ಅತ್ತಾಗ ಹಾಗೇ ಕೆಳಗಿಟ್ಟು ಓಡಬಹುದು, ಸಂಜೆ ಬಂದು ಮತ್ತೆ ಎತ್ತಿಕೊಳ್ಳಬಹುದು.

ಪತ್ರಿಕೆಗಳು ಮಾತ್ರ ಈ ಬಗೆಯನ್ನು ಅಷ್ಟು ಸುಲಭವಾಗಿ ಒಪ್ಪಲಿಲ್ಲ. 1950ರ ದಶಕದಲ್ಲಿ ಅವರು ಮಹಿಳಾ ಪತ್ರಿಕೆಗಳಿಗೆ ವಿನ್ಯಾಸ ಕಳಿಸತೊಡಗಿದಾಗ, ಸುತ್ತ ಹೆಣೆಯುವಂತೆ ಬರೆದ ಸೂಚನೆಗಳನ್ನು ಬಿಡಿ ತುಂಡುಗಳ ಹಳೆಯ ಕ್ರಮಕ್ಕೆ ತಿದ್ದಿ ಪ್ರಕಟಿಸಿದ್ದುಂಟು. ತಮ್ಮ ಮಾತು ತಮ್ಮದೇ ರೀತಿಯಲ್ಲಿ ಓದುಗರಿಗೆ ಮುಟ್ಟಬೇಕೆಂದು 1958ರಲ್ಲಿ ಅವರು ಸ್ವಂತ ವಾರ್ತಾಪತ್ರ ಶುರುಮಾಡಿದರು. ಅಂಚೆಯ ಮೂಲಕ ಉಲ್ಲನ್, ಕಡ್ಡಿ, ಪುಸ್ತಕ ಮಾರುವ ‘ಸ್ಕೂಲ್‌ಹೌಸ್ ಪ್ರೆಸ್’ ಹುಟ್ಟಿದ್ದು ಹೀಗೆ. ಸಂಸಾರ ನೆಲೆಸಿದ ಹಳೆಯ ಶಾಲಾ ಕಟ್ಟಡವೇ ಆ ಹೆಸರಿಗೆ ಕಾರಣ. 1971ರಲ್ಲಿ ಅವರ ಮೊದಲ ಪುಸ್ತಕ ‘ನಿಟ್ಟಿಂಗ್ ವಿಥೌಟ್ ಟಿಯರ್ಸ್’ ಬಂದಾಗ ಅವರಿಗೆ ಅರವತ್ತು ದಾಟಿತ್ತು. ಮಕ್ಕಳ ಬಾಲ್ಯಕ್ಕೆ ಹೊಂದಿಕೊಂಡು ನಿಧಾನವಾಗಿ ಬೆಳೆದ ವೃತ್ತಿ ತಡವಾಗಿ ಹೀಗೆ ತುಂಬಿಬಂದಿತು. ಮಗಳು ಮೆಗ್ ಸ್ವಾನ್ಸನ್ ತಾಯಿಯ ಬಳಿಯೇ ಕಲಿತು ಹೆಸರಾಂತ ವಿನ್ಯಾಸಕಿಯಾದರು, 1999ರಲ್ಲಿ ತಾಯಿ ತೀರಿಕೊಂಡ ಮೇಲೂ ಸಂಸ್ಥೆಯನ್ನು ನಡೆಸಿದರು. ಆಮೇಲೆ ಮೆಗ್ ಅವರ ಮಗ ಕಲ್ಲಿ ಕೈಜೋಡಿಸಿದರು.

ಸಂಸಾರ ಮತ್ತು ಹೆಣಿಗೆಯ ನಂಟು ಜಿಮ್ಮರ್‌ಮನ್ ಅವರಿಂದ ಶುರುವಾದದ್ದೇನಲ್ಲ. ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಶೆಟ್‌ಲೆಂಡ್ ದ್ವೀಪಗಳ ಹಳೆಯ ಫೋಟೊಗಳಲ್ಲಿ ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೆಯುತ್ತಲೇ ಹೆಣೆಯುವ ಹೆಂಗಸರಿದ್ದಾರೆ. ಸೊಂಟಕ್ಕೆ ಕಟ್ಟಿದ ಚರ್ಮದ ಪಟ್ಟಿಗೆ ತೂತುಗಳಿರುತ್ತವೆ. ಅದರಲ್ಲಿ ಒಂದು ಕಡ್ಡಿಯ ತುದಿ ಸಿಕ್ಕಿಸಿದರೆ ನಡೆಯುವಾಗಲೂ ಕೆಲಸ ನಿಲ್ಲುವುದಿಲ್ಲ. ಗಂಡಸರು ಮೀನುಗಾರಿಕೆಗೆ ಹೋದಾಗ ಹೊಲ, ಹಸು, ಮಕ್ಕಳು, ಹೆಣಿಗೆ ಎಲ್ಲವೂ ಹೆಂಗಸರ ಪಾಲು. ಆದರೆ ಸಂಬಳ? ವ್ಯಾಪಾರಿಗಳು ಹಣದ ಬದಲು ಚಹಾ, ಬಟ್ಟೆ ಕೊಟ್ಟು ಹೆಣಿಗೆ ಕೊಳ್ಳುತ್ತಿದ್ದರು. ಈ ಪದ್ಧತಿಯ ವಿಚಾರಣೆಗೆ ಬ್ರಿಟಿಷ್ ಸರ್ಕಾರ ನೇಮಿಸಿದ ಆಯೋಗ 1872ರಲ್ಲಿ ಶೆಟ್‌ಲೆಂಡಿನ ಹೆಣಿಗೆಗಾರ್ತಿಯರ ಹೇಳಿಕೆಗಳನ್ನು ದಾಖಲಿಸಿತು.

ಸ್ವೀಡನ್ನಿನ ಕಥೆ ಬೇರೆ ಬಗೆಯದು. ಪಶ್ಚಿಮ ಕರಾವಳಿಯ ಬೊಹುಸ್ಲೆನ್ ಪ್ರದೇಶದಲ್ಲಿ 1930ರ ದಶಕದ ಆರ್ಥಿಕ ಮುಗ್ಗಟ್ಟಿನಿಂದ ಕಲ್ಲುಕುಟಿಗರಿಗೆ ಕೆಲಸ ತಪ್ಪಿತು. ಅವರ ಹೆಂಡಂದಿರು ಮನೆಯಲ್ಲೇ ಮಾಡಬಹುದಾದ ದುಡಿಮೆ ಕೇಳಿದರು. ಪ್ರಾಂತ್ಯದ ಗವರ್ನರ್ ಪತ್ನಿ ಎಮ್ಮಾ ಯಾಕೊಬ್ಸನ್ ಆ ಹೆಂಗಸರಿಗಾಗಿ ‘ಬೊಹುಸ್ ಸ್ಟಿಕ್ನಿಂಗ್’ ಎಂಬ ಸಂಸ್ಥೆ ಕಟ್ಟಿದರು. 1939ರಲ್ಲಿ ಅದಕ್ಕೆ ವಿಧಿವತ್ ರೂಪ ಬಂತು. ವಿನ್ಯಾಸ ಮಾಡುವವರು ಕೆಲವರು, ಮನೆಗಳಲ್ಲಿ ಕುಳಿತು ಹೆಣೆಯುವವರು ನೂರಾರು ಮಂದಿ. ಹಲವು ಬಣ್ಣಗಳು ಒಂದರೊಳಗೊಂದು ಕರಗಿದಂತೆ ಕಾಣುವ ಕಂಠಪಟ್ಟಿಯ ಆ ಸ್ವೆಟರುಗಳು ದೇಶದಾಚೆಗೂ ಮಾರಾಟವಾದವು. 1969ರಲ್ಲಿ ಸಂಸ್ಥೆ ಮುಚ್ಚಿತು. ಬೊಹುಸ್ ಹೆಂಗಸರಿಗೆ ಮನೆ ಬಿಡದೆ ದುಡಿಮೆ ಸಿಕ್ಕಿತು ನಿಜ, ವಿನ್ಯಾಸದ ಅಧಿಕಾರ ಮಾತ್ರ ಬೇರೆಯವರ ಕೈಯಲ್ಲಿತ್ತು. ಎರಡೂ ಒಬ್ಬಳ ಕೈಗೆ ಬಂದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದು ಜಿಮ್ಮರ್‌ಮನ್ ಅವರಲ್ಲಿ ಕಾಣುತ್ತದೆ.

ಇಂದು ಹೆಚ್ಚಿನ ತಾಯಂದಿರು ಈ ಕ್ಷೇತ್ರಕ್ಕೆ ಬರಲು ಮುಖ್ಯ ಕಾರಣ ಮಾರಾಟದ ರೀತಿ ಬದಲಾದದ್ದು. 2007ರಲ್ಲಿ ಅಮೆರಿಕದ ಜೆಸಿಕಾ ಮತ್ತು ಕೇಸಿ ಫೋರ್ಬ್ಸ್ ದಂಪತಿ ಆರಂಭಿಸಿದ ‘ರಾವೆಲ್ರಿ’ ಜಾಲತಾಣದಲ್ಲಿ ಡಿಸೈನರುಗಳು ತಮ್ಮ ಪ್ಯಾಟರ್ನುಗಳನ್ನು ಕಡತದ ರೂಪದಲ್ಲಿ ನೇರವಾಗಿ ಮಾರತೊಡಗಿದರು. ಕೈಯಲ್ಲಿ ಹೆಣೆದ ಸ್ವೆಟರು ಒಮ್ಮೆ ಮಾರಿದರೆ ಮುಗಿಯಿತು. ಪ್ಯಾಟರ್ನ್ ಹಾಗಲ್ಲ, ಅದನ್ನು ನೂರು ಮಂದಿ ಕೊಳ್ಳಬಹುದು, ಮುಂದಿನ ವರ್ಷವೂ ಕೊಳ್ಳಬಹುದು. ಬಾಣಂತನದಲ್ಲಿ ಹೊಸ ಕೆಲಸ ಆಗದಿದ್ದರೂ ಹಳೆಯ ವಿನ್ಯಾಸದ ಹಣ ಬರುತ್ತಿರುತ್ತದೆ. ಆದರೆ ಇದರೊಂದಿಗೆ ಅಂಗಡಿಯ ಕೆಲಸವೂ ಮನೆಗೆ ಬಂತು. ಓದುಗರ ಪ್ರಶ್ನೆಗಳಿಗೆ ಉತ್ತರ, ತಪ್ಪಿನ ತಿದ್ದುಪಡಿ, ಪ್ರಚಾರ, ತೆರಿಗೆ ಲೆಕ್ಕ, ಎಲ್ಲವೂ ಅದೇ ತಾಯಿಯ ಪಾಲು. ‘ಮನೆಯಲ್ಲೇ ಇರುತ್ತಾಳಲ್ಲ’ ಎಂಬ ಮಾತಿನಲ್ಲಿ ಈ ಗಂಟೆಗಳು ಲೆಕ್ಕಕ್ಕೇ ಬರುವುದಿಲ್ಲ. ವಾರದಲ್ಲಿ ಇಂತಿಷ್ಟು ಹೊತ್ತು ಮಕ್ಕಳನ್ನು ಗಂಡನೋ ಅಜ್ಜಿಯೋ ನೋಡಿಕೊಳ್ಳುವುದು ಎಂದು ಮೊದಲೇ ಗೊತ್ತುಮಾಡಿದ ಮನೆಯಲ್ಲಿ ಮಾತ್ರ ಅಳತೆಗಳ ಲೆಕ್ಕ ನಡುರಾತ್ರಿಗೆ ಜಾರದೆ ಮುಗಿಯುತ್ತದೆ.

ಮಕ್ಕಳು ಸಮಯ ತೆಗೆದುಕೊಳ್ಳುತ್ತಾರೆ, ತಿಳಿವಳಿಕೆಯನ್ನೂ ಕೊಡುತ್ತಾರೆ. ಎಳೆಗೂಸಿನ ಕುತ್ತಿಗೆಯ ಬಳಿ ದಾರ ಕಟ್ಟುವ ಟೋಪಿ ಅಪಾಯ ಎಂಬುದು ಮಗುವನ್ನು ಎತ್ತಿದವರಿಗೆ ಬೇಗ ಹೊಳೆಯುತ್ತದೆ. ಮಕ್ಕಳ ಉಡುಪಿನ ದಾರಗಳ ಬಗ್ಗೆ ಯುರೋಪಿನಲ್ಲಿ ಪ್ರತ್ಯೇಕ ಸುರಕ್ಷತಾ ಮಾನದಂಡವೇ ಇದೆ. ಎರಡು ಬಣ್ಣದ ಹೆಣಿಗೆಯಲ್ಲಿ ಒಳಮೈಗೆ ಉದ್ದನೆಯ ಎಳೆಗಳು ಬಿಟ್ಟಿದ್ದರೆ ಪುಟ್ಟ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ತಲೆ ದೊಡ್ಡದು, ಕತ್ತು ಗಿಡ್ಡ. ಹಾಗಾಗಿ ಭುಜದ ಬಳಿ ಗುಂಡಿ ಬೇಕು, ಆ ಗುಂಡಿ ಕಿತ್ತು ಬಾಯಿಗೆ ಹೋಗದಷ್ಟು ಗಟ್ಟಿಯಿರಬೇಕು. ದಿನಕ್ಕೆ ಮೂರು ಸಲ ಕೊಳೆಯಾಗುವ ಅಂಗಿಗೆ ಕೈಯಲ್ಲೇ ಒಗೆಯಬೇಕಾದ ನೂಲು ಆಯ್ದರೆ ಅದು ಬೀರುವಿನಲ್ಲೇ ಉಳಿಯುತ್ತದೆ. ವರ್ಷದಲ್ಲಿ ಮಗು ಎತ್ತರವಾಗುವಷ್ಟು ಅಗಲವಾಗುವುದಿಲ್ಲ. ಹಾಗಾಗಿ ತೋಳಿನ ತುದಿಯನ್ನು ಮಡಚುವಂತೆ ಉದ್ದ ಮಾಡಿದರೆ ಇನ್ನೊಂದು ಚಳಿಗಾಲ ದೂಡಬಹುದು.

ಉಳಿದದ್ದು ಕ್ಯಾಲೆಂಡರಿನ ಸಮಸ್ಯೆ. ಉತ್ತರದ ಚಳಿ ದೇಶಗಳಲ್ಲಿ ಹೆಣಿಗೆ ಪ್ಯಾಟರ್ನುಗಳ ಮಾರಾಟ ಬಿಸಿಯೇರುವುದು ಸೆಪ್ಟೆಂಬರಿನಿಂದ. ಅದಕ್ಕೆ ದಪ್ಪ ಸ್ವೆಟರುಗಳ ಮಾದರಿ, ಪರೀಕ್ಷೆ, ಫೋಟೊ ಎಲ್ಲ ಮುಗಿಯಬೇಕಾದದ್ದು ಜೂನ್‌ನಿಂದ ಆಗಸ್ಟ್ ಒಳಗೆ. ಅಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಬರುವುದೂ ಅದೇ ತಿಂಗಳುಗಳಲ್ಲಿ. ಇದನ್ನು ಅರಿತ ಡಿಸೈನರುಗಳು ಕಷ್ಟದ ಲೆಕ್ಕದ ಕೆಲಸವನ್ನು ಜನವರಿ, ಫೆಬ್ರವರಿಗೆ ಎಳೆದುಕೊಳ್ಳುತ್ತಾರೆ, ರಜೆಯ ತಿಂಗಳಿಗೆ ಟೋಪಿ, ಕೈಗವಸಿನಂಥ ಪುಟ್ಟ ಮಾದರಿಗಳನ್ನೋ ಎಣಿಕೆ ಬೇಡದ ಉದ್ದ ಶಾಲನ್ನೋ ಉಳಿಸಿಕೊಳ್ಳುತ್ತಾರೆ. 1974ರ ತಮ್ಮ ‘ನಿಟ್ಟರ್ಸ್ ಆಲ್ಮನ್ಯಾಕ್’ನಲ್ಲಿ ಜಿಮ್ಮರ್‌ಮನ್ ತಿಂಗಳಿಗೊಂದರಂತೆ ಹನ್ನೆರಡು ಅಧ್ಯಾಯ ಬರೆದಾಗ ಮಾಡಿದ್ದೂ ಇದೇ ಬಗೆಯ ಹಂಚಿಕೆ. ಜಡೆ ಹೆಣಿಗೆಯ ದೊಡ್ಡ ಏರನ್ ಸ್ವೆಟರ್ ಜನವರಿಗೆ, ಶಿಶುಗಳ ಉಡುಪು ಫೆಬ್ರವರಿಗೆ, ಮುಂದಿನ ಚಳಿಗಾಲದ ಕೈಗವಸು ಮೇ ತಿಂಗಳಿಗೆ, ಪ್ರಯಾಣದಲ್ಲಿ ಹೆಣೆಯಲು ಒಗ್ಗುವ ಶಾಲು ಜುಲೈಗೆ, ಕೊನೇ ಗಳಿಗೆಯಲ್ಲಿ ಬೇಗ ಮುಗಿಸಬಹುದಾದ ದಪ್ಪ ನೂಲಿನ ಸ್ವೆಟರ್ ಡಿಸೆಂಬರಿಗೆ.