ಹಿಂದಿರುಗಬಾರದ ಅಲೆ

ರೇಡಿಯೋ ನಿಲಯದ ಧ್ವನಿಮುದ್ರಣ ಕೊಠಡಿಯನ್ನು ಕಂಡವರಿಗೆ ಒಂದು ಸಂಗತಿ ನೆನಪಿರಬಹುದು. ಅಲ್ಲಿನ ಗೋಡೆಗಳಿಗೆ ತೂತು ತೂತಾದ ಹಲಗೆಗಳನ್ನೂ ಮೆತ್ತನೆಯ ಹೊದಿಕೆಯನ್ನೂ ಹಾಕಿರುತ್ತಾರೆ. ಒಳಗೆ ನಿಂತು ಮಾತನಾಡಿದರೆ ನಮ್ಮ ದನಿ ನಮಗೇ ಕೊಂಚ ಬಡವಾದಂತೆ ಕೇಳುತ್ತದೆ. ಗೋಡೆಗೆ ಹೋದ ದನಿಯಲ್ಲಿ ಬಹುಪಾಲು ಮರಳಿ ಬಾರದಿರುವುದೇ ಇದಕ್ಕೆ ಕಾರಣ. ತಮ್ಮ ಮನೆಯ ರೇಡಿಯೋದಲ್ಲಿ ಭಾಷಣಕಾರರ ಮಾತು ಬಿಡಿಬಿಡಿಯಾಗಿ ತಿಳಿಯುವುದಕ್ಕೆ ಆ ಗೋಡೆಗಳ ಮೌನವೂ ಒಂದು ಕಾರಣವೇ. ಗೋಡೆ ಇದ್ದೂ ಇಲ್ಲದಂತಿರಬೇಕು. ಇಂದು ನಾನು ಹೇಳಹೊರಟಿರುವುದು ಇಂಥದೇ ಒಂದು ಗೋಡೆಯ ಕಥೆ. ಆದರೆ ಈ ಗೋಡೆ ಇರುವುದು ಕಂಪ್ಯೂಟರಿನೊಳಗೆ.

ಕನ್ನಡ ಪಂಡಿತನಿಗೆ ಈ ಉಸಾಬರಿ ಏಕೆ ಎಂದು ತಾವು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಶ್ರೀನಿವಾಸಪುರದ ಕಡೆಯ ಮಾವಿನ ತೋಟದ ಮನೆಯವಳು, ಬೆಂಗಳೂರಿನಲ್ಲಿ ಎಂಜಿನಿಯರಿಂಗ್‌ನ ಉನ್ನತ ವ್ಯಾಸಂಗ ಮಾಡುತ್ತಿದ್ದಾಳೆ. ರಜೆಗೆ ಬಂದವಳು ಮುಖ ಬಾಡಿಸಿಕೊಂಡಿದ್ದಳು. "ಒಂದು ತಿರುವನ್ನು ಮೂರು ಸಲ ತಿದ್ದಿ ಕೆಡಿಸಿಬಿಟ್ಟೆ, ಸಾರ್. ತಪ್ಪು ತಿರುವಿನದಲ್ಲ, ಗಡಿಯದು. ಅದು ತಿಳಿಯುವ ಹೊತ್ತಿಗೆ ಒಂದು ತಿಂಗಳು ಹೋಯಿತು" ಎಂದಳು. ಸಂಜೆ ಕೋಲಾರಮ್ಮನ ಕೆರೆಯ ಏರಿಯ ಮೇಲೆ ಕುಳಿತು ಅವಳು ವಿವರಿಸಿದ್ದನ್ನು ನನಗೆ ತಿಳಿದಂತೆ ಇಲ್ಲಿ ಬರೆದಿದ್ದೇನೆ.

ಅವಳು ಹೇಳಿದ ತಿರುವು ರಸ್ತೆಯದಲ್ಲ, ವೇವ್‌ಗೈಡಿನದು. ವೇವ್‌ಗೈಡ್ ಎಂದರೆ ಅಲೆಗಳನ್ನು ನಡೆಸಿಕೊಂಡು ಹೋಗುವ ಲೋಹದ ನಾಳ, ತರಂಗನಾಳ ಎನ್ನೋಣ. ರೇಡಾರಿನಂಥ ಯಂತ್ರಗಳಲ್ಲಿ ಅತಿ ಸಣ್ಣ ರೇಡಿಯೋ ಅಲೆಗಳನ್ನು ತಂತಿಗಿಂತ ಇಂಥ ಟೊಳ್ಳು ನಾಳದಲ್ಲಿ ಕಳುಹಿಸುವುದು ಮೇಲು. 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಮಿಲಿಮೀಟರ್ ಲೆಕ್ಕದ ಅಲೆಗಳೊಡನೆ ಪ್ರಯೋಗ ನಡೆಸಿದರು. 1897ರಲ್ಲಿ ಲಾರ್ಡ್ ರ‍್ಯಾಲೆ ಈ ನಾಳಗಳ ಗಣಿತವನ್ನು ಬರೆದರು. ನಮ್ಮ ನಾಡಿನಲ್ಲಿ ಈ ವಿದ್ಯೆಗೆ ನೆಲೆ ಒದಗಿಸಿದವರಲ್ಲಿ ರಾಜೇಶ್ವರಿ ಚಟರ್ಜಿ (1922–2010) ಪ್ರಮುಖರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದು, 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದ ಅವರು, ಪತಿ ಶಿಶಿರಕುಮಾರ ಚಟರ್ಜಿಯವರೊಡನೆ ಅಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಬೆಳೆಸಿದರು.

ನಾಳವನ್ನು ಬಾಗಿಸಿದಲ್ಲಿ ಅಲೆಯ ಒಂದಂಶ ಹಿಂದಕ್ಕೆ ಪುಟಿಯುತ್ತದೆ. ಇದನ್ನು ಪ್ರತಿಫಲನ ಎನ್ನುತ್ತಾರೆ. ಲೋಹವನ್ನು ಕೊರೆಯುವ ಮೊದಲೇ ಅದು ಎಷ್ಟೆಂದು ತಿಳಿಯಲು ಕಂಪ್ಯೂಟರಿನಲ್ಲಿ ನಾಳದ ಒಂದು ಪ್ರತಿರೂಪವನ್ನು ಕಟ್ಟಿ, ಅಲೆ ಹಾಯಿಸಿ ನೋಡುತ್ತಾರೆ. ಇದೇ ಸಿಮ್ಯುಲೇಷನ್. 1966ರಲ್ಲಿ ಕೇನ್ ಯೀ ಎಂಬ ವಿದ್ವಾಂಸರು ತೋರಿಸಿದ ಕ್ರಮದಲ್ಲಿ, ನಾಳದೊಳಗಿನ ಜಾಗವನ್ನು ಚಿಕ್ಕ ಚಿಕ್ಕ ಇಟ್ಟಿಗೆಗಳಾಗಿ ವಿಂಗಡಿಸುತ್ತಾರೆ. ಮಾಲೂರಿನ ಇಟ್ಟಿಗೆಯನ್ನು ನೆನೆಯಿರಿ. ಆದರೆ ಅಳತೆ ಒಂದು ಮಿಲಿಮೀಟರ್ ಅಥವಾ ಇನ್ನೂ ಕಡಿಮೆ. ಒಂದೊಂದು ಇಟ್ಟಿಗೆಯಲ್ಲೂ ವಿದ್ಯುತ್ತು ಕಾಂತತ್ವಗಳ ಬಲವನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತ ಹೋದರೆ ಅಲೆ ಮುಂದುವರಿಯುತ್ತದೆ.

ತೊಡಕು ಬರುವುದು ಇಲ್ಲಿಯೇ. ಕಂಪ್ಯೂಟರಿನ ನೆನಪಿಗೆ ಮಿತಿಯುಂಟು. ಕೊನೆಯಿಲ್ಲದ ನಾಳವನ್ನು ಕಟ್ಟಲಾಗದು; ಎಲ್ಲಾದರೂ ಕತ್ತರಿಸಲೇ ಬೇಕು. ಕತ್ತರಿಸಿ ಸುಮ್ಮನೆ ಬಿಟ್ಟರೆ ಆ ಕೊನೆ ಲೋಹದ ಮುಚ್ಚಳದಂತೆ ವರ್ತಿಸಿ, ಬಂದ ಅಲೆಯನ್ನೆಲ್ಲ ಹಿಂದಕ್ಕೆ ಅಟ್ಟುತ್ತದೆ. ಹಾಗೆ ಮರಳಿದ ಅಲೆ ತಿರುವಿನಿಂದ ಬಂದ ಅಲೆಯೊಡನೆ ಕಲೆತರೆ ಯಾವುದು ನಿಜ, ಯಾವುದು ಸುಳ್ಳು ಎಂದು ಹೇಳುವುದು ಹೇಗೆ?

ಕೆರೆಯನ್ನೇ ನೋಡಿ. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಸೀಮೆಗೆ ಕೆರೆಯೇ ಆಧಾರ. ಬತ್ತಿದ್ದ ಕೆರೆಗಳಲ್ಲಿ ಹಲವಕ್ಕೆ 2018ರಿಂದೀಚೆಗೆ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಹರಿದು, ಮಕ್ಕಳು ಕಲ್ಲೆಸೆದು ಅಲೆ ಎಬ್ಬಿಸುವುದನ್ನು ಮತ್ತೆ ಕಾಣುತ್ತಿದ್ದೇವೆ. ಏರಿಯ ಕಲ್ಲಿಗೆ ಬಡಿದ ಅಲೆ ಹಿಂದಿರುಗುತ್ತದೆ. ಎದುರು ದಿಕ್ಕಿನಲ್ಲಿ ಕೆರೆಯಂಗಳ ಮೆಲ್ಲಮೆಲ್ಲನೆ ಏರಿ ಹುಲ್ಲು ಜೊಂಡು ಬೆಳೆದಿರುವ ಕಡೆ, ಅಲೆ ಹತ್ತುತ್ತ ಹತ್ತುತ್ತ ದಣಿದು ಅಲ್ಲಿಯೇ ಅಡಗುತ್ತದೆ. ಕಂಪ್ಯೂಟರಿನ ನಾಳದ ಕೊನೆಗೂ ಇಂಥ ಇಳಿಜಾರು ದಡವೇ ಬೇಕು. ಇದಕ್ಕೆ ಹೀರುವ ಗಡಿ ಎನ್ನೋಣ.

ಮೊದಮೊದಲು ಬಂದ ಗಡಿಗಳು ಇಳಿಜಾರಾಗಿರಲಿಲ್ಲ. ಒಂದು ಸೂತ್ರ ಮಾತ್ರ. 1977ರಲ್ಲಿ ಎಂಗ್‌ಕ್ವಿಸ್ಟ್ ಮತ್ತು ಮಜ್ದಾ, 1981ರಲ್ಲಿ ಗೆರಿಟ್ ಮುರ್ ಇವನ್ನು ರೂಪಿಸಿದರು. ಇವುಗಳಲ್ಲಿ ತೀರ ಸರಳವಾದ ಸೂತ್ರ, ಅಲೆ ಬೆಳಕಿನ ವೇಗದಲ್ಲಿ ನೆಟ್ಟಗೆ ಬರುತ್ತದೆಂದು ನಂಬುತ್ತದೆ. ನಾಳದೊಳಗಿನ ಅಲೆಯಾದರೋ ನೆಟ್ಟಗೆ ಬರುವುದಿಲ್ಲ. ಕೇರಂ ಹಲಗೆಯ ಕಾಯಿಯಂತೆ ಎರಡು ಪಕ್ಕದ ಗೋಡೆಗಳಿಗೆ ತಾಗುತ್ತ ಓರೆಯಾಗಿ ಬರುತ್ತದೆ.

ನನ್ನ ವಿದ್ಯಾರ್ಥಿನಿಯ ನಾಳದ ಒಳ ಅಳತೆ 22.86 ಮಿಲಿಮೀಟರ್ ಅಗಲ, 10.16 ಮಿಲಿಮೀಟರ್ ಎತ್ತರ. ಇದರಲ್ಲಿ ಸುಮಾರು 6.56 ಗಿಗಾಹರ್ಟ್ಸ್‌ಗಿಂತ ಕೆಳಗಿನ ಅಲೆ ಸಾಗುವುದೇ ಇಲ್ಲ. ಅದು ಕಡಿತದ ಆವರ್ತನ. 10 ಗಿಗಾಹರ್ಟ್ಸ್‌ನಲ್ಲಿ ಅಲೆಯ ಓರೆ ಸುಮಾರು 41 ಡಿಗ್ರಿ. ಆಗ ಈ ಸರಳ ಗಡಿ ಅಲೆಯ ಎತ್ತರದಲ್ಲಿ ನೂರಕ್ಕೆ 14 ಪಾಲನ್ನು ಹಿಂದಿರುಗಿಸುತ್ತದೆ. 7 ಗಿಗಾಹರ್ಟ್ಸ್‌ಗೆ ಇಳಿದರೆ ಓರೆ ಸುಮಾರು 70 ಡಿಗ್ರಿ. ಹಿಂದಿರುಗುವುದು ನೂರಕ್ಕೆ 48. ಅವಳ ತಿರುವು ಹಿಂದಿರುಗಿಸಬೇಕಾದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಹದಿನಾಲ್ಕರ ಗದ್ದಲದಲ್ಲಿ ಒಂದರ ಮಾತು ಕೇಳಿಸೀತೆ? ಸೂತ್ರದಲ್ಲಿ ಬೆಳಕಿನ ವೇಗದ ಬದಲು ನಾಳದೊಳಗಿನ ಅಲೆಯ ವೇಗವನ್ನು ಹಾಕಿ 10ಕ್ಕೆ ಸರಿಪಡಿಸಬಹುದು. ಆದರೆ ಅದೇ ಗಡಿ 8 ಗಿಗಾಹರ್ಟ್ಸ್‌ನಲ್ಲಿ ಮತ್ತೆ ನೂರಕ್ಕೆ 14ರಷ್ಟನ್ನು ಹಿಂದಿರುಗಿಸುತ್ತದೆ.

ಒಳ್ಳೆಯ ಪರಿಹಾರ ದೊರೆತದ್ದು 1994ರಲ್ಲಿ. ಫ್ರಾನ್ಸಿನ ಜಾನ್ ಪಿಯೆರ್ ಬೆರಾಂಜೆ ‘ಪರಿಪೂರ್ಣವಾಗಿ ಹೊಂದಿಕೊಂಡ ಪದರ’ವನ್ನು ತಂದರು, ಬಳಕೆಯ ಹೆಸರು ಪಿ.ಎಂ.ಎಲ್. ನಾಳದ ಕೊನೆಗೆ ಹಲವು ಸಾಲು ಇಟ್ಟಿಗೆಗಳ ಒಂದು ಕಲ್ಪಿತ ವಸ್ತು. ಅಲೆ ಎಷ್ಟೇ ಓರೆಯಾಗಿ ಬಂದರೂ ಅದರ ಬಾಗಿಲಲ್ಲಿ ತಡೆಯಿಲ್ಲದೆ ಒಳಹೊಕ್ಕು, ಒಳಗೆ ಕ್ಷೀಣಿಸುತ್ತದೆ. ನಾವು ಕೆರೆ ಮತ್ತು ಅನ್ನು ಎಂಬುವನ್ನು ಕೂಡಿಸುವಾಗ ನಡುವೆ ಯಕಾರ ಬಂದು ‘ಕೆರೆಯನ್ನು’ ಎಂದು ನಾಲಗೆ ಎಡವದೆ ಸಾಗುತ್ತದಲ್ಲವೆ? ಈ ಕೂಡುವಿಕೆಯೂ ಹಾಗೆಯೇ, ಎಡವದಂಥದು.

ಆದರೆ ‘ಪರಿಪೂರ್ಣ’ ಎಂಬುದು ಕಾಗದದ ಮೇಲಿನ ಮಾತು. ಇಳಿಜಾರನ್ನು ಇಟ್ಟಿಗೆಯಲ್ಲಿ ಕಟ್ಟಿದರೆ ಅದು ಮೆಟ್ಟಿಲಾಗುತ್ತದೆ. ಪ್ರತಿಯೊಂದು ಮೆಟ್ಟಿಲೂ ಅಲೆಯನ್ನು ಕೊಂಚ ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ತಪ್ಪನ್ನು ಹುಡುಕುವುದಕ್ಕೆ ಒಂದು ಕ್ರಮ ಬೇಕು.

ಮೊದಲ ಪರೀಕ್ಷೆ: ತಿರುವನ್ನು ಮುಟ್ಟಬೇಡಿ, ಗಡಿಯನ್ನು ಸರಿಸಿ. ಅವಳು ಗಡಿಯನ್ನು 150 ಮಿಲಿಮೀಟರ್ ಹಿಂದಕ್ಕೊಯ್ದಳು. 10 ಗಿಗಾಹರ್ಟ್ಸ್‌ನಲ್ಲಿ ಅಲೆಯ ಶಕ್ತಿ ನ್ಯಾನೋಸೆಕೆಂಡಿಗೆ ಸುಮಾರು 226 ಮಿಲಿಮೀಟರ್ ಸಾಗುವುದರಿಂದ, ಹೋಗಿ ಬರುವ 300 ಮಿಲಿಮೀಟರಿಗೆ 1.3 ನ್ಯಾನೋಸೆಕೆಂಡ್ ಹೆಚ್ಚು ಬೇಕು. ಮರಳಿ ಬಂದ ಅಲೆ ಸರಿಯಾಗಿ ಅಷ್ಟೇ ತಡವಾಗಿ ಬಂತು. ತಿರುವಿನದಾಗಿದ್ದರೆ ಹೊತ್ತು ಬದಲಾಗುತ್ತಿರಲಿಲ್ಲ. ಕಳ್ಳ ಸಿಕ್ಕಿದ.

ಎರಡನೆಯದು, ಪದರದ ಹದ. ಹೀರುವ ಶಕ್ತಿ ತೀರ ಕಡಿಮೆಯಾದರೆ ಅಲೆ ಪದರವನ್ನು ದಾಟಿ ಹಿಂದಿನ ಗೋಡೆಗೆ ಬಡಿದು ಬರುತ್ತದೆ. ತೀರ ಹೆಚ್ಚಾದರೆ ಮೊದಲ ಮೆಟ್ಟಿಲೇ ಗೋಡೆಯಾಗುತ್ತದೆ. ಎರಡು ರೋಗಕ್ಕೂ ಲಕ್ಷಣ ಒಂದೇ, ಔಷಧ ಬೇರೆ. ಶಕ್ತಿಯನ್ನು ಕೊಂಚ ಹೆಚ್ಚಿಸಿ ನೋಡಿ: ಪ್ರತಿಫಲನ ಇಳಿದರೆ ಪದರ ದುರ್ಬಲವಾಗಿತ್ತು, ಏರಿದರೆ ಇಳಿಜಾರು ಕಡಿದಾಗಿತ್ತು. ಕಡಿದಾಗಿದ್ದರೆ ಸಾಲುಗಳನ್ನು ಹತ್ತರಿಂದ ಇಪ್ಪತ್ತಕ್ಕೆ ಏರಿಸಿ, ಶಕ್ತಿ ಸೊನ್ನೆಯಿಂದ ತೊಡಗಿ ಮೂರನೆಯ ಅಥವಾ ನಾಲ್ಕನೆಯ ಘಾತದಂತೆ ನಿಧಾನವಾಗಿ ಬೆಳೆಯುವಂತೆ ಮಾಡಬೇಕು.

ಮೂರನೆಯದು, ನೆರೆಹೊರೆ. ತಿರುವಿನ ಬಳಿ ಮುಂದೆ ಸಾಗಲಾರದ ಕೆಲವು ಅಲೆಗಳು ಹುಟ್ಟಿ ಅಲ್ಲಿಯೇ ಸಾಯುತ್ತವೆ. ಗಡಿಯನ್ನು ತೀರ ಹತ್ತಿರ ತಂದರೆ ಅವುಗಳಿಗೂ ಗಡಿಗೂ ತಿಕ್ಕಾಟ. ಈ ನಾಳದಲ್ಲಿ, 10 ಗಿಗಾಹರ್ಟ್ಸ್‌ನಲ್ಲಿ, ಅವುಗಳಲ್ಲಿ ಮುಖ್ಯವಾದೊಂದು 20 ಮಿಲಿಮೀಟರ್ ದೂರದಲ್ಲಿ ನೂರಕ್ಕೆ ಮೂರರಷ್ಟಕ್ಕೆ ಇಳಿಯುತ್ತದೆ. ಅಷ್ಟಾದರೂ ಜಾಗ ಬಿಡಬೇಕು. ನಾಳದ ಲೋಹದ ಗೋಡೆಗಳೂ, ಒಳಗೇನಾದರೂ ತುಂಬಿದ್ದರೆ ಅದೂ, ಪದರದೊಳಕ್ಕೆ ಹಾಗೆಯೇ ಮುಂದುವರಿಯಬೇಕು. ಬಾಗಿಲಲ್ಲೇ ನಿಲ್ಲಿಸಿದರೆ ಅದೇ ಹೊಸ ಏರಿಯಾದೀತು.

ನಾಲ್ಕನೆಯದು, ಕಡಿತದ ನೆರೆ. ನೆಟ್ಟಗೆ ಬಂದ ಅಲೆಯಲ್ಲಿ ಹತ್ತು ಲಕ್ಷಕ್ಕೆ ಒಂದನ್ನು ಮಾತ್ರ ಹಿಂದಿರುಗಿಸುವ ಪದರವೂ, ಈ ನಾಳದ 7 ಗಿಗಾಹರ್ಟ್ಸ್ ಅಲೆಯಲ್ಲಿ ಸಾವಿರಕ್ಕೆ ಎಂಟನ್ನು ಹಿಂದಿರುಗಿಸುತ್ತದೆ. ಆದುದರಿಂದ ಕಡಿತದ ಬಳಿಯ ಆವರ್ತನಗಳನ್ನು ನಾಳಕ್ಕೆ ಊದದಿರುವುದೇ ಜಾಣತನ. ಈ ಅಳತೆಯ ನಾಳವನ್ನು ವಾಡಿಕೆಯಲ್ಲಿ 8.2ರಿಂದ 12.4 ಗಿಗಾಹರ್ಟ್ಸ್‌ವರೆಗೆ ಮಾತ್ರ ಬಳಸುತ್ತಾರೆ.

ಹುಡುಗಿ ಗಡಿಯನ್ನು ಸರಿಪಡಿಸಿ, ತಿದ್ದಿದ ಮೂರು ತಿರುವುಗಳನ್ನೂ ಬದಿಗಿಟ್ಟು ಮೊದಲನೆಯದನ್ನೇ ಮತ್ತೆ ಪರೀಕ್ಷಿಸಿದಳು. ಅದು ಮೊದಲಿನಿಂದಲೂ ಸರಿಯಾಗಿಯೇ ಇತ್ತಂತೆ! ಲೋಹ ಕೊರೆಯಲು ಕೊಟ್ಟಿರಲಿಲ್ಲವಾದ್ದರಿಂದ ಹೋದದ್ದು ಒಂದು ತಿಂಗಳು ಮಾತ್ರ. ತಮ್ಮ ಮನೆಯಲ್ಲೂ ಇಂಥ ವಿದ್ಯೆ ಕಲಿಯುವ ಮಕ್ಕಳಿದ್ದಾರು. ತಮ್ಮ ಕೆಲಸ ಕೆಟ್ಟಿತೆಂದು ಅವರು ಕೊರಗುತ್ತಿದ್ದರೆ ಇಷ್ಟನ್ನು ಕೇಳಿ: "ಗಡಿಯನ್ನು ಒಂದು ಸಲ ಸರಿಸಿ ನೋಡಿದೆಯೇನಪ್ಪಾ?"